ಹಸಿವಾಗದ ಕೋಣೆ

ಬಾಗಿಲು 'ಟಕ್' ಎಂದಿತು.

ತೆರೆದುಕೊಳ್ಳುವ ಬಾಗಿಲು ಹಾಗೆ ಸದ್ದು ಮಾಡುವುದಿಲ್ಲ...

ತಿರುಗಿ ಕೈಹಾಕಿದೆ. ಒಳಗಡೆ ಹಿಡಿಯೇ ಇಲ್ಲ! ನುಣ್ಣನೆಯ ಸ್ಟೀಲು. ಉಗುರು ಸಿಕ್ಕಿಸಲೂ ಸಂದಿಲ್ಲ.

ಗೋಡೆಯ ಮೇಲಿನ ಸ್ಪೀಕರ್ ಕೆಮ್ಮಿತು.

"ತುರುಬು ಬಿಚ್ಚಮ್ಮ..."

ಮ್ಯಾನೇಜರನ ದನಿ. ಅವನು ದಪ್ಪ ಗಾಜಿನ ಆಚೆ, ಕಾರಿಡಾರಿನಲ್ಲಿ ನಿಂತಿದ್ದ. ಇಸ್ತ್ರಿ ಮುರಿಯದ ಬಿಳಿ ಕೋಟು. ಕೈಯಲ್ಲಿ ಮೈಕು. ಮುಖದಲ್ಲಿ ಹಾಲಿನ ಪಾತ್ರೆ ಕಂಡ ಬೆಕ್ಕಿನ ತೃಪ್ತಿ.

"ಯಾಕೆ ಸಾರ್? ಹೇನು ನೋಡ್ತೀರಾ?"

"ನೋಡೋದು ನಾನಲ್ಲ. ಅವಳು."

ಪಕ್ಕದ ಗೂಡಿನಿಂದ ಅವಳು ಬಂದಳು. ಸೆಕ್ಯುರಿಟಿ ಹೆಂಗಸು. ಇಡೀ ಫ್ಯಾಕ್ಟರಿ ಅವಳನ್ನು ಕಂಬ ಅಂತಲೇ ಕರೆಯುತ್ತದೆ. ಬಾಗಿಲ ಎತ್ತರ, ಪೊರಕೆಯ ದಪ್ಪ. ಮಾತಿಲ್ಲದೆ ನನ್ನ ತಲೆಯ ಟೋಪಿ ಕಿತ್ತಳು. ತುರುಬಿಗೆ ಬೆರಳು ಹಾಕಿದಳು. ಅದರೊಳಗೆ ನಾನು ಬಚ್ಚಿಟ್ಟಿದ್ದ ಪುಟ್ಟ ಗಾಜಿನ ಸೀಸೆ ಎಳೆದಳು. ಹಸಿರು ಪುಡಿ ಅರ್ಧ ತುಂಬಿದ ಸೀಸೆ.

"ಇದೇನು? ಹೂವಾ?" ಅಂದಳು ಕಂಬ.

ಸಿಕ್ಕಿಬಿದ್ದಿದ್ದೆ. ಅದೂ ಕೆಲಸಕ್ಕೆ ಸೇರಿದ ದಿನವೇ!

ತಡೆಯಿರಿ, ನಾನು ಯಾರು ಅಂತ ಹೇಳಿಲ್ಲ ಅಲ್ಲವೇ?

ವಿಮೆ ಕಂಪನಿಗಳಿಗೆ ಸುಳ್ಳು ಹಿಡಿದುಕೊಡುವುದು ನನ್ನ ಹೊಟ್ಟೆಪಾಡು. ಸೊಂಟ ಮುರಿದಿದೆ ಅಂತ ದುಡ್ಡು ಕೇಳಿದವನು ಸೋಫಾ ಹೊತ್ತು ಮಹಡಿ ಹತ್ತುವ ಫೋಟೋ ಇರುತ್ತದಲ್ಲ, ಅದನ್ನು ತೆಗೆಯುವವಳು ನಾನು. ನನ್ನ ಗಾತ್ರದ ಹೆಂಗಸನ್ನು ಯಾರೂ ಪತ್ತೇದಾರಿ ಅಂದುಕೊಳ್ಳುವುದಿಲ್ಲ. ಅದೇ ನನ್ನ ಬಂಡವಾಳ. ನಾನು ತಿನ್ನುತ್ತೇನೆ, ಚೆನ್ನಾಗಿ ತಿನ್ನುತ್ತೇನೆ. ಮುಚ್ಚುಮರೆ ಇಲ್ಲ.

ಈ ಕೆಲಸಕ್ಕೆ ಮಾತ್ರ ಯಾವ ಕಂಪನಿಯೂ ನನ್ನನ್ನು ಕಳಿಸಿರಲಿಲ್ಲ. ಕಳಿಸಿದ್ದು ನನ್ನ ಓರಗಿತ್ತಿ!

ಮೈದುನನ ಹೆಂಡತಿ. ಅವಳಿಗೂ ನನಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾರದೋ ಮದುವೆಯಲ್ಲಿ, ಎಲ್ಲರ ಮುಂದೆ, "ನಮ್ಮಕ್ಕ ಕೂತ್ರೆ ಕುರ್ಚಿ ಅಳುತ್ತೆ" ಅಂದಿದ್ದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಮಾತು ಬಿಟ್ಟೆ.

ಈಗ ಅವಳು ಆಸ್ಪತ್ರೆಯಲ್ಲಿ ಮಲಗಿದ್ದಳು. ಎದೆಬಡಿತ ದಾರಿ ತಪ್ಪಿತ್ತು. ಈ ಫ್ಯಾಕ್ಟರಿಯ ಈ ಕೋಣೆಯಲ್ಲಿ, ಈ ಮೆಷಿನ್ನಿನ ಮುಂದೆಯೇ ಕುಸಿದು ಬಿದ್ದಿದ್ದಳು. ಫ್ಯಾಕ್ಟರಿಯವರು ಹೂಗುಚ್ಛ ಕಳಿಸಲಿಲ್ಲ, ಪೊಲೀಸ್ ಕಂಪ್ಲೇಂಟ್ ಕೊಟ್ಟರು. ತೂಕ ಇಳಿಸುವ ಕ್ಯಾಪ್ಸೂಲ್ ಕದ್ದಳು, ಮುಷ್ಟಿಗಟ್ಟಲೆ ನುಂಗಿದಳು ಅಂತ! ಹಾಸಿಗೆಯಿಂದ ಎದ್ದರೆ ನೇರ ಲಾಕಪ್ಪು.

"ಅಕ್ಕಾ... ನಾನು ಒಂದೂ ಬಾಯಿಗೆ ಹಾಕಿಲ್ಲ," ಅಂದಿದ್ದಳು. ಕೈ ಕಡ್ಡಿಯಾಗಿತ್ತು. ಬಳೆ ಮೊಣಕೈ ತನಕ ಜಾರಿತ್ತು.

ನನ್ನ ಓರಗಿತ್ತಿಯ ಬಾಯಿ ಕೆಟ್ಟದು. ಕೈ ಮಾತ್ರ ಚೊಕ್ಕ. ಸೂಜಿ ಎರವಲು ತಂದರೂ ಮಾರನೇ ದಿನ ವಾಪಸ್ ಕೊಡುವವಳು. ನಾನು ನಂಬಿದೆ. ಆದರೆ ನಾನು ನಂಬಿದರೆ ಪೊಲೀಸರು ನಂಬಬೇಕಲ್ಲ!

ಅಂಗಡಿಯಲ್ಲಿ ಇವರ ಕ್ಯಾಪ್ಸೂಲ್ ಕೊಂಡು ಟೆಸ್ಟ್ ಮಾಡಿಸಿದೆ. ಹುಳಿಹಣ್ಣಿನ ಸಿಪ್ಪೆಯ ಸಾರ, ಚಹಾ ಎಲೆಯ ಸಾರ... ಅಷ್ಟೇ. ಗಿಡ ಬಿಟ್ಟರೆ ಬೇರೇನಿಲ್ಲ. ಆದರೆ ಓರಗಿತ್ತಿ ತುಂಬುತ್ತಿದ್ದುದು ಅಂಗಡಿಯ ಮಾಲಲ್ಲ. 'ಸ್ಪೆಷಲ್'. ಹೊರದೇಶಕ್ಕೆ ಹೋಗುವ ಹೊಸ ಮಾಲು. ಒಂದು ಡಬ್ಬಿಯೂ ಇನ್ನೂ ಗೇಟು ದಾಟಿರಲಿಲ್ಲ. ಇವತ್ತು ಸಂಜೆ ಕಂಟೇನರ್ ಹೊರಡುತ್ತದೆ. ಆಮೇಲೆ ಈ ಕೋಣೆ ತೊಳೆಯುತ್ತಾರೆ. ಮುಗಿಯಿತು!

ಅದಕ್ಕೇ ಅವಳ ಖಾಲಿ ಜಾಗಕ್ಕೆ ಅರ್ಜಿ ಹಾಕಿದ್ದೆ. ಬೆಳಿಗ್ಗೆ ರಸ್ತೆಯಾಚೆಯ ಲ್ಯಾಬಿನಲ್ಲಿ ಫ್ಯಾಕ್ಟರಿ ಖರ್ಚಿನಲ್ಲೇ ಮೆಡಿಕಲ್ ಚೆಕಪ್ ಆಯಿತು. ಹೊಸಬರು ನಶೆ ಮಾಡುತ್ತಾರೋ ಅಂತ ರಕ್ತ ನೋಡದೆ ಇವರು ಒಳಗೆ ಬಿಡುವುದಿಲ್ಲ. "ನಿಮ್ಮ ನರ ಸಿಗೋದೇ ಕಷ್ಟ ಕಣಮ್ಮ" ಅಂತ ಲ್ಯಾಬಿನ ಹುಡುಗಿ ಮೂರು ಕಡೆ ಚುಚ್ಚಿದ್ದಳು.

ಅಷ್ಟೆಲ್ಲ ಚುಚ್ಚಿಸಿಕೊಂಡು ಬಂದರೆ... ತುರುಬಿನಲ್ಲಿ ಸಿಕ್ಕಿಬಿದ್ದೆ!

"ಯಾರು ಕಳಿಸಿದ್ದು ನಿನ್ನ?" ಸ್ಪೀಕರ್ ಕೇಳಿತು.

"ಇಲ್ಲಿ ಬಿದ್ದಳಲ್ಲ, ಅವಳ ಓರಗಿತ್ತಿ ನಾನು. ಮೈದುನನಿಗೆ ಹೇಳಿ ಬಂದಿದ್ದೀನಿ. ನಾನು ಮನೆ ಸೇರದಿದ್ರೆ ಅವನು ಸುಮ್ಮನಿರಲ್ಲ."

ಮ್ಯಾನೇಜರ್ ನಕ್ಕ.

"ಸೇರ್ತೀಯಮ್ಮ, ಯಾಕೆ ಸೇರಲ್ಲ? ನಾವೇನು ರೌಡಿಗಳಾ? ಸಂಜೆ ಶಿಫ್ಟ್ ಮುಗಿದ ಮೇಲೆ ಬಿಡ್ತೀವಿ. ಕೆಲಸಕ್ಕೆ ಅಂತ ಬಂದಿದ್ದೀಯಲ್ಲ... ಮಾಡು!"

"ಏನು?"

"ನಿಮ್ಮ ಓರಗಿತ್ತಿ ಬಿಟ್ಟು ಹೋದ ಕೆಲಸ. ಡ್ರಮ್ಮಿನ ಪುಡಿ ಮೇಲಿನ ಬುಟ್ಟಿಗೆ ಸುರಿ. ಖಾಲಿ ಕ್ಯಾಪ್ಸೂಲ್ ಪಕ್ಕದ್ದಕ್ಕೆ. ಹಸಿರು ಬಟನ್ ಒತ್ತು. ಮಾಲು ಕಮ್ಮಿಯಾದ್ರೆ ನಿನ್ನ ಮೇಲೂ ಕಂಪ್ಲೇಂಟು. ಒಂದೇ ಮನೆಯ ಇಬ್ಬರು ಕಳ್ಳಿಯರು... ಪೇಪರಿನವರಿಗೆ ಹಬ್ಬ!"

ಕಂಬ ಗೂಡಿಗೆ ಹೋದಳು. ಎರಡು ಬಾಗಿಲ ನಡುವಿನ ಗೂಡು ಅದು. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ನುಗ್ಗಿ ಓಡುವ ಆಸೆಯನ್ನು ಅಲ್ಲೇ ಕೈಬಿಟ್ಟೆ.

"ಇನ್ನೊಂದು ಮಾತು," ಅಂದ ಮ್ಯಾನೇಜರ್. "ನುಂಗಿ ಸಾಗಿಸೋ ಉಪಾಯ ಇದ್ರೆ ಬಿಟ್ಬಿಡು. ನಾಲ್ಕೂ ಕಡೆ ಕ್ಯಾಮೆರಾ ಇದೆ. ಮಾಸ್ಕ್ ಇಳಿಸಿದ್ರೆ, ಕೈ ಬಾಯಿ ಹತ್ರ ಹೋದ್ರೆ, ನನಗೆ ಕಾಣುತ್ತೆ. ನಿಮ್ಮ ಓರಗಿತ್ತಿ ನನ್ನ ಕಣ್ಣು ತಪ್ಪಿಸಿ ತಿಂದಳು. ನಿನಗೆ ಆ ಅವಕಾಶ ಇಲ್ಲ!"

ಅವನ ಮುಖ ನೋಡಿದೆ. ಸುಳ್ಳು ಹೇಳುವವರನ್ನು ನೋಡಿಯೇ ನನ್ನ ಕೂದಲು ನೆರೆತಿದೆ. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ. ಅವಳು ಕದ್ದು ತಿಂದಳು ಅಂತ ನಿಜವಾಗಿಯೂ ನಂಬಿದ್ದ!

ವಿಚಿತ್ರ ಅನ್ನಿಸಿತು...

ಕೆಲಸ ಶುರು ಮಾಡಿದೆ. ಬೇರೆ ದಾರಿ ಎಲ್ಲಿತ್ತು?

ಆ ಕೋಣೆಗೆ ಮೂಲೆಯೇ ಇಲ್ಲ. ಧೂಳು ಕೂರಬಾರದು ಅಂತ ಗೋಡೆ, ನೆಲ, ಚಾವಣಿ ಎಲ್ಲ ದುಂಡಗೆ ಬಾಗಿ ಕೂಡಿಕೊಂಡಿವೆ. ಮೊಟ್ಟೆಯೊಳಗೆ ನಿಂತ ಹಾಗೆ. ಕಿಟಕಿ ಇಲ್ಲ. ಗಡಿಯಾರ ಇಲ್ಲ. ಬಿಳಿ ಬೆಳಕು, ನೆರಳೂ ಬೀಳುವುದಿಲ್ಲ. ಮೆಷಿನ್ ಕಟಕಟ ಅನ್ನುತ್ತ ಕ್ಯಾಪ್ಸೂಲ್ ಉಗುಳುತ್ತದೆ. ಪ್ರತಿ ಸಲ ಡ್ರಮ್ಮು ಬಗ್ಗಿಸಿದಾಗ ಹಸಿರು ಹೊಗೆಯಂತೆ ಪುಡಿ ಏಳುತ್ತದೆ. ಮುಖಕ್ಕೆ ಇವರು ಕೊಟ್ಟ ಬಟ್ಟೆಯ ಮಾಸ್ಕು. ಅದರೊಳಗಿನಿಂದಲೇ ಪುಡಿಯ ಕಹಿ ಗಂಟಲಿಗೆ ತಾಗುತ್ತಿತ್ತು.

ಗಾಜಿನಾಚೆ ಕಂಬ ಸ್ಟೂಲ್ ಹಾಕಿಕೊಂಡು ಕೂತಳು. ಕಾವಲು.

"ನಿಮಗೆ ಬೇಜಾರಾಗಲ್ವಾ?" ಮೆಷಿನ್ ಪಕ್ಕದ ಮೈಕಿನಲ್ಲಿ ಕೇಳಿದೆ.

"ಅಭ್ಯಾಸ ಆಗಿದೆ. ಸ್ಪೆಷಲ್ ಮಾಲು ಶುರುವಾದಾಗಿಂದ ನಂಗೆ ಇಲ್ಲೇ ಡ್ಯೂಟಿ. ಇಲ್ಲಿ ಕೆಲಸ ಮಾಡೋರನ್ನ ದಿನಾ ಒಳಗೇ ಬಂದು ತಡಕಬೇಕು."

"ಮಾಸ್ಕು?"

"ತಡಕೋಕೆ ಯಾಕಮ್ಮ ಮಾಸ್ಕು?" ಕಂಬ ನಕ್ಕಳು. "ಒಂದು ಹೇಳ್ತೀನಿ, ನಗಬೇಡಿ. ನಾನೂ ನಿಮ್ಮ ತರಾನೇ ಇದ್ದೆ!"

"ಸುಳ್ಳು!"

"ನನ್ನಾಣೆ! ಗಂಡ ಗುಂಡಮ್ಮ ಅಂತಿದ್ದ. ಈಗ ನೋಡಿ..." ಸೊಂಟದ ಬೆಲ್ಟು ಎಳೆದು ತೋರಿಸಿದಳು. ಕಂಪನಿ ಮಾಡಿದ ತೂತುಗಳು ಮುಗಿದು, ಮೊಳೆಯಲ್ಲಿ ಹೊಡೆದ ಹೊಸ ತೂತುಗಳು. ಸಾಲಾಗಿ. "ಪುಣ್ಯ ಮಾಡಿದ್ದೆ ಅನ್ಸುತ್ತೆ. ತಿನ್ನೋಕೇ ಮನಸಾಗಲ್ಲ. ರಾತ್ರಿ ಎದೆ ಡಬಡಬ ಅನ್ನುತ್ತೆ, ಅಷ್ಟೇ. ವಯಸ್ಸು."

"ಕ್ಯಾಪ್ಸೂಲ್ ತಗೋತೀರಾ?"

"ಥೂ! ಕೆಲಸ ಹೋಗಲ್ವಾ?"

ನನ್ನ ಕೈ ಡ್ರಮ್ಮಿನ ಮೇಲೇ ನಿಂತಿತು...

ಆಗ ಕಾರಿಡಾರಿನಲ್ಲಿ ಇನ್ನೊಬ್ಬ ಬಂದ. ಕನ್ನಡಕ, ಸವೆದ ಚಪ್ಪಲಿ, ಜೇಬಿನಿಂದ ಇಣುಕುವ ಒಣಗಿದ ಎಲೆಗಳು. ಇವರ ಕೆಮಿಸ್ಟು. ಎಲೆ ಡಾಕ್ಟರ್ ಅಂತ ಅಡ್ಡಹೆಸರು. ಹುಳಿಹಣ್ಣಿನ ಸಿಪ್ಪೆಯಿಂದ ಸಾರ ತೆಗೆದವನು ಅವನೇ. ನನ್ನನ್ನು ಕೂಡಿಹಾಕಿದ್ದಾರೆ ಅನ್ನುವುದು ಅವನಿಗೆ ಗೊತ್ತಿದ್ದ ಹಾಗಿರಲಿಲ್ಲ.

"ಹೊಸಬರಾ? ಪುಡಿ ಚೆಲ್ಲಬೇಡಿ. ಅದು ಹತ್ತು ವರ್ಷದ ತಪಸ್ಸು!"

"ಡಾಕ್ಟ್ರೇ, ಒಂದು ಪ್ರಶ್ನೆ. ನಿಮ್ಮ ಎಲೆ ನಿಜವಾಗ್ಲೂ ತೂಕ ಇಳಿಸುತ್ತಾ?"

ಅವನ ಮುಖ ಅರಳಿತು. ಯಾರೂ ಕೇಳಿರಲಿಲ್ಲ ಅನ್ನಿಸುತ್ತದೆ.

"ಇಳಿಸುತ್ತೆ! ಸ್ವಲ್ಪ. ಕೆಲವರಿಗೆ. ಊಟ ಹಿಡಿತದಲ್ಲಿಟ್ಟು, ನಡೆದಾಡಿದ್ರೆ ಕೆಲವು ತಿಂಗಳಿಗೆ ಒಂದೆರಡು ಕೇಜಿ. ಗಿಡ ಮಂತ್ರವಾದಿ ಅಲ್ಲಮ್ಮ. ಮೆಲ್ಲಗೆ ಕೈಹಿಡಿದು ನಡೆಸುತ್ತೆ, ಅಷ್ಟೇ. ಧಣಿಗಳಿಗೆ ಅದು ಸಾಲಲ್ಲ. 'ಒಂದೆರಡು ಕೇಜಿ ಯಾವನು ಕೊಳ್ತಾನೆ' ಅಂತಾರೆ."

"ಹಾಗಾದ್ರೆ ಕಂಬನ ಬೆಲ್ಟು ನೋಡಿ."

"ಏನು?"

"ನೋಡಿ ಡಾಕ್ಟ್ರೇ! ಎಲೆ ತಿಂದವರು ಒಂದೆರಡು ಕೇಜಿ ಇಳೀತಾರೆ. ಎಲೆ ತಿನ್ನದೆ, ಬರೀ ಈ ಬಾಗಿಲು ಕಾಯೋಳು ಅರ್ಧ ಆಗಿದ್ದಾಳೆ. ಅದ್ಯಾವ ಗಿಡ ಹಾಗೆ ಮಾಡುತ್ತೆ?"

ಅವನು ಬೆಲ್ಟು ನೋಡಿದ. ಮೊಳೆಯ ತೂತುಗಳನ್ನು ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಈ ಪುಡಿಗೆ ನಿಮ್ಮ ಸಾರ ಬಿಟ್ಟು ಬೇರೇನು ಬೆರೆಸ್ತಾರೆ?"

"ಏ... ಏನಿಲ್ಲ. ಪುಡಿ ಗಂಟು ಕಟ್ಟದಿರಲಿ ಅಂತ ಒಂದು ಬಿಳಿ ಪುಡಿ. ಮ್ಯಾನೇಜರ್ರೇ ತರಿಸ್ತಾರೆ. ಅವರೇ ಬೆರೆಸ್ತಾರೆ..."

ತಿರುಗಿ ನೋಡದೆ ಹೊರಟುಬಿಟ್ಟ. ಹೇಡಿ! ಅಂದುಕೊಂಡೆ.

ಮೆಷಿನ್ ಕಟಕಟ... ಕಟಕಟ...

ಎಷ್ಟು ಹೊತ್ತಾಯಿತೋ. ಕಂಬ ತನ್ನ ಡಬ್ಬಿ ತೆರೆದು ಎರಡು ತುತ್ತು ತಿಂದು ಮುಚ್ಚಿದಳು. ಗೂಡಿನಲ್ಲಿ ನನಗೂ ಒಂದು ತಟ್ಟೆ ಇಟ್ಟಿದ್ದಳು. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ಅಲ್ಲೇ ಕೂತು ತಿನ್ನಬೇಕು, ಅವಳ ಕಣ್ಣೆದುರೇ.

ತಟ್ಟೆ ನೋಡಿದೆ.

ಬೇಡ ಅನ್ನಿಸಿತು.

ಕೇಳಿಸಿಕೊಂಡಿರಾ? ಬೇಡ ಅನ್ನಿಸಿತು. ನನಗೆ! ಅಪ್ಪ ತೀರಿಕೊಂಡ ದಿನವೂ ಎರಡು ಸಲ ಬಡಿಸಿಕೊಂಡವಳಿಗೆ! ನಾಲಿಗೆ ಒಣಗಿ ಚರ್ಮದ ಚೂರಿನಂತಾಗಿತ್ತು. ಎದೆಯೊಳಗೆ ಯಾರೋ ಮೆಟ್ಟಿಲು ಹತ್ತಿ ಓಡುತ್ತಿದ್ದರು. ಕೂತೇ ಇದ್ದೇನೆ, ಆದರೂ ಓಡುತ್ತಿದ್ದಾರೆ...

ಗನ್ನು ಹಿಡಿದವರ ಮುಂದೆ ನಿಂತಿದ್ದೇನೆ. ನಾಯಿ ಛೂ ಬಿಟ್ಟಿದ್ದಾರೆ. ಆಗೆಲ್ಲ ಹೆದರಿರಲಿಲ್ಲ. ಒಂದು ತಟ್ಟೆ ಅನ್ನದ ಮುಂದೆ ಕೂತು ಹೆದರಿದೆ!

ಪುಡಿ ತಿನ್ನುವುದು ಬೇಕಿಲ್ಲ. ಉಸಿರಾಡಿದರೆ ಸಾಕು!

ಓರಗಿತ್ತಿ ಕುಸಿದದ್ದು ಹಾಗೆ. ಕಂಬ ಕರಗಿದ್ದು ಹಾಗೆ. ಮ್ಯಾನೇಜರನಿಗೆ ಇದು ಹೊಳೆದೇ ಇಲ್ಲ. ಅವನು ಗಾಜಿನಾಚೆ ನಿಲ್ಲುವ ಮನುಷ್ಯ. ಬೆರೆಸುವಾಗ ಸೀನು ಬರದಿರಲಿ ಅಂತ ಮೂತಿಗೆ ದೊಡ್ಡ ಮಾಸ್ಕು ಹಾಕುತ್ತಾನೆ ಅಂತ ಓರಗಿತ್ತಿ ಹೇಳಿದ್ದಳು, ಕೋಟು ಕೊಳೆಯಾಗದಿರಲಿ ಅಂತ ಮೇಲೊಂದು ಕೋಟು. ಔಷಧ ಅಂದರೆ ಬಾಯಲ್ಲಿ ಹಾಕಿಕೊಳ್ಳುವುದು, ಅಷ್ಟೇ ಅವನಿಗೆ ಗೊತ್ತು. ಅದಕ್ಕೇ ಬಾಯಿ ಕಾಯುತ್ತಿದ್ದ. ಮೂಗು ಬಿಟ್ಟಿದ್ದ!

ಮತ್ತೆ ಒಳಗೆ ಕಳಿಸಿದರು. ಈಗ ಪ್ರತಿ ಉಸಿರೂ ಲೆಕ್ಕದ ಉಸಿರು. ಡ್ರಮ್ಮು ಬಗ್ಗಿಸುವಾಗ ಉಸಿರು ಹಿಡಿಯುತ್ತಿದ್ದೆ. ಎಷ್ಟು ಹೊತ್ತು ಹಿಡಿಯಲಾದೀತು? ಬಿಟ್ಟರೆ ಎರಡರಷ್ಟು ಎಳೆದುಕೊಳ್ಳುತ್ತಿತ್ತು ಎದೆ. ದುಂಡಗಿನ ಗೋಡೆಗಳು ಹತ್ತಿರ ಸರಿದ ಹಾಗೆ ಕಂಡವು. ಬಡಿಯಬೇಕು, ಕಿರುಚಬೇಕು ಅನ್ನಿಸಿತು. ಕಿರುಚಲು ಗಾಳಿ ಬೇಕಲ್ಲ!

ಆಮೇಲೆ ಒಂದು ಯೋಚನೆ ಬಂತು.

ಉಸಿರು ಬಿಗಿಹಿಡಿಯುವುದನ್ನು ನಿಲ್ಲಿಸಿದೆ.

ಸೀಸೆ ಕಿತ್ತುಕೊಂಡರು, ಅಲ್ಲವೇ? ಪರವಾಗಿಲ್ಲ... ಇನ್ನೊಂದು ಸೀಸೆ ಇದೆ, ನನ್ನ ಗಾತ್ರದ್ದೇ!

ಸಂಜೆಗೆ ಮಾಲು ಮುಗಿಯಿತು. ಬಾಗಿಲು ತೆರೆಯಿತು. ಕಂಬ ನನ್ನನ್ನು ಗೂಡಿಗೆ ತಳ್ಳಿದಳು. ಎಲ್ಲ ಕಡೆಯಿಂದ ಗಾಳಿ ಬಡಿದು ಪುಡಿ ಕೊಡವಿತು. ಆಮೇಲೆ ಸ್ನಾನದ ಕೋಣೆ. ನನ್ನ ಬಟ್ಟೆ ಚೀಲಕ್ಕೆ ಹೋಯಿತು. ಉಗುರು ಬ್ರಷ್ಷಿನಲ್ಲಿ ತಿಕ್ಕಿದಳು. ಕಿವಿಯ ಹಿಂದೆ ತಿಕ್ಕಿದಳು. ತಲೆಗೆ ಎರಡು ಸಲ ಶಾಂಪೂ.

"ನಮ್ಮಮ್ಮನೂ ಇಷ್ಟು ಚೆನ್ನಾಗಿ ಸ್ನಾನ ಮಾಡಿಸಿಲ್ಲ," ಅಂದೆ.

"ಸುಮ್ನಿರಿ. ಒಂದು ಕಣ ಇರಬಾರದು ಅಂದಿದ್ದಾರೆ."

ಫ್ಯಾಕ್ಟರಿಯ ಪೈಜಾಮ, ಅಂಗಿ ಕೊಟ್ಟಳು. ಇದ್ದುದರಲ್ಲೇ ದೊಡ್ಡದು. ಆದರೂ ತೋಳಿನ ಹೊಲಿಗೆ 'ಚರ್' ಅಂದಿತು.

ಅಂಗಳದಲ್ಲಿ ಮ್ಯಾನೇಜರ್ ಕಾಯುತ್ತಿದ್ದ. ಹಿಂದೆ ಕಂಟೇನರ್ ಲಾರಿ ಎಂಜಿನ್ ಶುರುಮಾಡಿತ್ತು. ಆಫೀಸಿನವರು ಮನೆಗೆ ಹೊರಟಿದ್ದರು.

"ನೋಡಮ್ಮ," ಎಲ್ಲರಿಗೂ ಕೇಳುವ ಹಾಗೆ ಹೇಳಿದ. "ಇಡೀ ದಿನ ಕ್ಯಾಮೆರಾ ನೋಡಿದ್ದೀನಿ. ನೀನು ಒಂದು ಕ್ಯಾಪ್ಸೂಲೂ ಬಾಯಿಗೆ ಹಾಕಿಲ್ಲ, ಒಂದು ಚಿಟಿಕೆಯೂ ತಗೊಂಡಿಲ್ಲ. ಮರ್ಯಾದೆಯಾಗಿ ಹೋಗು. ನಿಮ್ಮ ಓರಗಿತ್ತಿಗೂ ಹೇಳು, ಹೀಗೆ ಇದ್ದಿದ್ರೆ ಆಸ್ಪತ್ರೆ ಸೇರ್ತಿರಲಿಲ್ಲ ಅಂತ."

"ಹೇಳ್ತೀನಿ ಸಾರ್," ಅಂದೆ. ಗೇಟಿನ ಕಡೆ ತಿರುಗಿದೆ. ನಿಧಾನ... ಓಡಬಾರದು... ಗೇಟಿನ ಪಕ್ಕದ ಫಿಲ್ಟರಿನಲ್ಲಿ ಒಂದು ಲೋಟ ನೀರು ಕುಡಿದೆ. ಇನ್ನೊಂದು. ಮತ್ತೊಂದು.

ಅಲ್ಲಿ ನಿಂತಿದ್ದ, ಆ ಪುಣ್ಯಾತ್ಮ! ಎಲೆ ಡಾಕ್ಟರ್! ಮುಖ ಬಿಳುಚಿತ್ತು. ಮಧ್ಯಾಹ್ನದಿಂದ ಒಂದೇ ಯೋಚನೆ ಮಾಡಿರಬೇಕು. ನನ್ನನ್ನು ಕಂಡದ್ದೇ ಜಗತ್ತು ಮರೆತು, ಗಟ್ಟಿಯಾಗಿ, ಅಂಗಳಕ್ಕೆಲ್ಲ ಕೇಳುವಂತೆ ಕೇಳಿದ:

"ಬಾಯಿ ಒಣಗ್ತಿದೆಯಾ? ಎದೆ ಹೊಡ್ಕೊಳ್ತಿದೆಯಾ? ಹಸಿವು... ಹಸಿವು ಹೋಗಿದೆಯಾ?"

ಮ್ಯಾನೇಜರ್ ತಿರುಗಿದ.

ನನ್ನ ಕೈಯಲ್ಲಿದ್ದ ಲೋಟ ನೋಡಿದ. ನನ್ನ ಮುಖ ನೋಡಿದ. ನನ್ನ ಮೂಗು ನೋಡಿದ...

ಅವನಿಗೆ ಹೊಳೆಯಿತು!

"ಹಿಡೀರಿ ಅವಳನ್ನ! ಗೇಟ್ ಹಾಕಿ!"

ಓಡಿದೆ.

ಕಬ್ಬಿಣದ ತಡೆಗೋಲು ಮೇಲಿನಿಂದ ಇಳಿಯುತ್ತಿತ್ತು. ತಲೆ ಬಗ್ಗಿಸಿ ನುಗ್ಗಿದೆ. ಹೆಗಲಿಗೆ ಬಡಿಯಿತು. ನಿಲ್ಲಲಿಲ್ಲ! ಎದೆಯೊಳಗಿನ ಬಡಿತ ಕಿವಿಯಲ್ಲಿ ಕೇಳುತ್ತಿತ್ತು. ಹಿಂದೆ ಬೂಟುಗಳ ಸದ್ದು. ರಸ್ತೆ ತುಂಬ ಗಾಡಿಗಳು. ಒಂದು ಬಸ್ಸು ಬ್ರೇಕು ಹಾಕಿ ಕಿರುಚಿತು.

"ಸಾಯೋಕೆ ನಮ್ ಬಸ್ಸೇ ಬೇಕಾ!" ಡ್ರೈವರ್ ಬೈದ.

"ಮುಂದಿನದಕ್ಕೆ ಸಾಯ್ತೀನಿ!" ಅಂದೆ.

ಚಪ್ಪಲಿ ಒಂದು ಅಲ್ಲೇ ಉಳಿಯಿತು. ಅಂಗಿಯ ಇನ್ನೊಂದು ತೋಳೂ ಹೋಯಿತು. ರಸ್ತೆಯಾಚೆ ನೀಲಿ ಬೋರ್ಡು. ಬೆಳಿಗ್ಗೆಯ ಲ್ಯಾಬು! ಗಾಜಿನ ಬಾಗಿಲಿಗೆ ಹೆಗಲು ಕೊಟ್ಟು ಒಳಗೆ ಬಿದ್ದೆ. ಕಾಯುತ್ತ ಕೂತಿದ್ದ ಜನ ಎದ್ದು ನಿಂತರು.

ಲ್ಯಾಬಿನ ಹುಡುಗಿಯ ಮುಂದೆ ಕೈ ಚಾಚಿದೆ.

"ಚುಚ್ಚು!"

"ಏನಾಯ್ತಮ್ಮ? ಬೆಳಿಗ್ಗೆ ತಾನೇ..."

"ಬೆಳಿಗ್ಗೆಯದ್ದು ಇದೆಯಾ?"

"ಫ್ರಿಜ್ಜಲ್ಲಿದೆ."

"ಮುಟ್ಟಬೇಡ. ಇದನ್ನ ಅದರ ಪಕ್ಕದಲ್ಲಿಡು. ಎಲ್ಲರ ಎದುರು ಸೀಲ್ ಮಾಡು. ಆಮೇಲೆ ಪೊಲೀಸರಿಗೆ ಫೋನ್ ಮಾಡು."

ಸೂಜಿ ಇಳಿಯಿತು. ಈ ಸಲ ಒಂದೇ ಏಟಿಗೆ ನರ ಸಿಕ್ಕಿತು! ಅಷ್ಟು ಜೋರಾಗಿ ಕುಣಿಯುತ್ತಿತ್ತು.

ಮ್ಯಾನೇಜರ್ ಏದುಸಿರು ಬಿಡುತ್ತ ಬಂದ. ಹಿಂದೆ ಕಂಬ. ಅವಳ ಹಿಂದೆ ಎಲೆ ಡಾಕ್ಟರ್.

"ಅವಳು ಕಳ್ಳಿ! ಕ್ಯಾಪ್ಸೂಲ್ ಕದ್ದು ತಿಂದಿದ್ದಾಳೆ!"

"ತಿಂದೆ ಅಂದ್ಕೊಳ್ಳಿ ಸಾರ್," ಅಂದೆ. "ಬರೀ ಎಲೆ ಅಲ್ವಾ? ಎಲೆ ತಿಂದವಳ ರಕ್ತಕ್ಕೆ ನೀವ್ಯಾಕೆ ಓಡಿ ಬಂದ್ರಿ?"

ಅವನು ತಕ್ಷಣ ಮಾತು ಬದಲಿಸಿದ.

"ತಿಂದಿಲ್ಲ! ಅವಳೇನೂ ತಿಂದಿಲ್ಲ, ಕ್ಯಾಮೆರಾದಲ್ಲಿದೆ! ಬೇರೆ ಎಲ್ಲೋ... ಹೊರಗಡೆ ಏನೋ ತಗೊಂಡಿದ್ದಾಳೆ!"

"ಹೊರಗಡೆ ಯಾವಾಗ? ಬೆಳಿಗ್ಗೆ ಈ ಹುಡುಗಿ ನನ್ನ ರಕ್ತ ನೋಡಿ ಚೊಕ್ಕ ಅಂದಳು. ನಿಮ್ಮದೇ ಖರ್ಚು. ಆಮೇಲೆ ಸಂಜೆ ತನಕ ನಾನು ನಿಮ್ಮ ಬೀಗದೊಳಗೇ ಇದ್ದೆ. ನಿಮ್ಮ ಕ್ಯಾಮೆರಾ ಸಾಕ್ಷಿ. ನಿಮ್ಮ ಶಾಂಪೂ ಸಾಕ್ಷಿ!"

ಅವನು ಸುತ್ತ ನೋಡಿದ. ಬಾಗಿಲ ತುಂಬ ಜನ. ಎಲ್ಲರ ಕೈಯಲ್ಲೂ ಫೋನು. ಹಿಡಿಯಿಲ್ಲದ ಬಾಗಿಲು ಹೇಗಿರುತ್ತದೆ ಅಂತ ಈಗ ಅವನಿಗೂ ಗೊತ್ತಾಯಿತು.

ಎಲೆ ಡಾಕ್ಟರ್ ಮುಂದೆ ಬಂದ. ಮೇಜಿನ ಮೇಲಿನ ಪೆನ್ನು ಎತ್ತಿಕೊಂಡ.

"ಏನು ಹುಡುಕಬೇಕು ಅಂತ ನಾನು ಬರೆದುಕೊಡ್ತೀನಿ. ಹಸಿವು ಸಾಯಿಸೋ ಔಷಧ. ಎದೆ ಕೆಡಿಸುತ್ತೆ ಅಂತ ನಿಷೇಧ ಮಾಡಿದ್ದು. ಲಕ್ಷಣ ಎಲ್ಲಾ ಅದರದ್ದೇ." ಮ್ಯಾನೇಜರನ ಕಡೆ ತಿರುಗಿದ. "ನನ್ನ ಗಿಡಕ್ಕೆ ಯಾಕ್ರೀ ಹೀಗೆ ಮಾಡಿದ್ರಿ? ಅದು ಮೆಲ್ಲಗೆ ನಡೀತಿತ್ತು... ನಡೆಯೋಕೆ ಬಿಡಬೇಕಿತ್ತು..."

"ಏ, ಇವರನ್ನೆಲ್ಲ ಆಚೆ ಹಾಕೇ!" ಮ್ಯಾನೇಜರ್ ಕಂಬನ ಮೇಲೆ ಕೂಗಿದ. "ಆ ಟ್ಯೂಬ್ ಕಿತ್ಕೋ!"

ಕಂಬ ಮುಂದೆ ಬಂದಳು. ಲ್ಯಾಬಿನ ಹುಡುಗಿ ಟ್ಯೂಬನ್ನು ಎದೆಗೊತ್ತಿಕೊಂಡಳು. ನಾನು ಅಡ್ಡ ನಿಂತೆ. ಅಡ್ಡ ನಿಲ್ಲುವುದಕ್ಕೆ ನನ್ನಷ್ಟು ಯೋಗ್ಯರು ಯಾರೂ ಇಲ್ಲ!

ಕಂಬ ನನ್ನನ್ನು ತಳ್ಳಲಿಲ್ಲ. ಪಕ್ಕದ ಖಾಲಿ ಸ್ಟೂಲಿನ ಮೇಲೆ ಕೂತಳು. ಯೂನಿಫಾರ್ಮಿನ ತೋಳು ಮಡಿಚಿದಳು. ಕಡ್ಡಿಯಂಥ ಕೈ ಮೇಜಿನ ಮೇಲಿಟ್ಟಳು.

"ನಂದೂ ತಗೊಳಮ್ಮ," ಅಂದಳು. "ನಾನು ಪುಣ್ಯ ಅಂದ್ಕೊಂಡಿದ್ದೆ."

ಕಂಟೇನರನ್ನು ದೊಡ್ಡ ರಸ್ತೆಯ ತಿರುವಿನಲ್ಲೇ ಪೊಲೀಸರು ನಿಲ್ಲಿಸಿದರು. ಮೂರು ಟ್ಯೂಬುಗಳ ರಿಪೋರ್ಟು ಬಂತು. ಬೆಳಿಗ್ಗೆಯದು ಚೊಕ್ಕ. ಉಳಿದೆರಡರಲ್ಲಿ ಅದೇ ಔಷಧ. ಕಂಬನಿಗೂ ಒಂದು ಹಾಸಿಗೆ ಸಿಕ್ಕಿತು, ಓರಗಿತ್ತಿಯ ಪಕ್ಕದ್ದೇ. ಕಳ್ಳತನದ ಕೇಸು ಬಿದ್ದುಹೋಯಿತು. ಮೈಗೆ ಸೇರಿದ್ದು ಯಾವ ವಿಷ ಅಂತ ಗೊತ್ತಾದ ಮೇಲೆ ಆಸ್ಪತ್ರೆಯ ಡಾಕ್ಟರರ ಕೈಗೂ ಧೈರ್ಯ ಬಂತು.

ಓರಗಿತ್ತಿ ಎದ್ದು ಕೂತ ಸಂಜೆ ಹೋದೆ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಮೈದುನ ಬಾಗಿಲ ಹತ್ತಿರ ಉಸಿರು ಹಿಡಿದು ನಿಂತ.

"ಅಕ್ಕಾ... ಇಳಿದುಹೋಗಿದ್ದೀರಿ."

"ಬಾಯಿ ಮುಚ್ಚು. ಆ ಬಿಸ್ಕತ್ತಿನ ಪೊಟ್ಟಣ ಇಲ್ಲಿ ಕೊಡು."

ಕೊಟ್ಟಳು. ಕಣ್ಣು ತುಂಬಿಕೊಳ್ಳಲು ಹೊರಟಿತ್ತು, ಅವಳೇ ತಡೆದಳು. ನಾನೂ ತಡೆದೆ. ಹಾಸಿಗೆಯ ಪಕ್ಕದ ಕುರ್ಚಿ ಎಳೆದು, ಇಡೀ ಭಾರ ಬಿಟ್ಟು ಕೂತೆ.

ಕುರ್ಚಿ 'ಕುಂಯ್' ಅಂತ ಅತ್ತಿತು.

ನಮ್ಮ ಮನೆ ಕಡೆಯಿಂದ ಆ ಸಂಜೆ ಅತ್ತದ್ದು ಅದೊಂದೇ!